ಅಣ್ಣನ ಭತ್ಯೆ, ತಂಗಿಯ ಹೊಣೆ

ಪ್ರಶ್ನೆ: ಅಮೆರಿಕದ ಸೇನೆಯಲ್ಲಿದ್ದ ನನ್ನ ಅಣ್ಣನಿಗೆ ಮಿದುಳಿಗೆ ಪೆಟ್ಟು ಬಿದ್ದು, ಹಣದ ವ್ಯವಹಾರ ನೋಡಿಕೊಳ್ಳಲು ಆಗುತ್ತಿಲ್ಲ. ಅವನು ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ನನ್ನಲ್ಲಿದೆ. ಅಲ್ಲಿನ ಮಾಜಿ ಸೈನಿಕರ ಇಲಾಖೆ ಕೊಡುವ ಅಂಗವೈಕಲ್ಯ ಭತ್ಯೆಯನ್ನು ನಿರ್ವಹಿಸಲು ಅಷ್ಟು ಸಾಕೇ?

ಉತ್ತರ: ಸಾಲದು, ತಾಯಿ. ಆ ಇಲಾಖೆಯು ಭತ್ಯೆಯ ನಿರ್ವಹಣೆಗೆ ಪವರ್ ಆಫ್ ಅಟಾರ್ನಿಯನ್ನು ಒಪ್ಪುವುದಿಲ್ಲ. ಭತ್ಯೆ ಪಡೆಯುವವರ ಪರವಾಗಿ ಆ ಹಣವನ್ನು ನೋಡಿಕೊಳ್ಳಲು ತಾನೇ ಒಬ್ಬರನ್ನು ‘ಫಿಡ್ಯೂಷಿಯರಿ’ ಎಂದು ನೇಮಿಸುತ್ತದೆ. ನಿಮ್ಮ ಅಣ್ಣ ಯಾರನ್ನು ಬಯಸುತ್ತಾರೆಂಬುದಕ್ಕೆ ಅಲ್ಲಿ ಮೊದಲ ಬೆಲೆಯಿರುವುದರಿಂದ, ಅವರ ಇಚ್ಛೆಯನ್ನು ಕೇಳಿ ತಿಳಿದುಕೊಂಡೇ ಅರ್ಜಿ ಹಾಕಿರಿ. ನೇಮಕಕ್ಕೆ ಮುನ್ನ ಅಧಿಕಾರಿ ನಿಮ್ಮನ್ನು ಸಂದರ್ಶಿಸುತ್ತಾರೆ. ಸಾಲದ ಇತಿಹಾಸವನ್ನೂ ಅಪರಾಧದ ದಾಖಲೆಯನ್ನೂ ಪರಿಶೀಲಿಸುತ್ತಾರೆ.

ಒಡಹುಟ್ಟಿದವರು ಎಡವುವುದು ಹೆಚ್ಚಾಗಿ ಬ್ಯಾಂಕ್ ಖಾತೆಯಲ್ಲಿ. ಭತ್ಯೆಗೆಂದೇ ಪ್ರತ್ಯೇಕ ಖಾತೆ ತೆರೆದು, ಹಣ ಅಣ್ಣನದು, ನೀವು ಫಿಡ್ಯೂಷಿಯರಿ ಮಾತ್ರ ಎಂಬುದು ಖಾತೆಯ ಹೆಸರಿನಲ್ಲೇ ಕಾಣುವಂತಿರಬೇಕು. ನಿಮ್ಮ ಸಂಬಳ ಅದರೊಳಗೆ ಬೆರೆಯಬಾರದು. ನಾಳೆಯೇ ತುಂಬುತ್ತೇನೆಂದುಕೊಂಡರೂ ಅದರಿಂದ ಕೈಸಾಲ ಪಡೆಯುವಂತಿಲ್ಲ. ಅಂಗಡಿಯ ಒಂದೇ ಚೀಟಿಯಲ್ಲಿ ಅವರ ಚಪ್ಪಲಿಯೂ ನಿಮ್ಮ ಮನೆಯ ಸೋಪೂ ಸೇರಿದ್ದರೆ ವರ್ಷದ ಕೊನೆಗೆ ಬಿಡಿಸುವುದು ಕಷ್ಟ, ಆದ್ದರಿಂದ ಅವರ ಬಿಲ್ಲನ್ನು ಬೇರೆಯಾಗಿಯೇ ಮಾಡಿಸಿ, ಏತಕ್ಕೆಂದು ಹಿಂಬದಿಯಲ್ಲಿ ಅಂದೇ ಬರೆದಿಡಿ. ಇಲಾಖೆ ವಾರ್ಷಿಕ ಲೆಕ್ಕ ಕೇಳಿದಾಗ ಬ್ಯಾಂಕಿನ ವಿವರಪಟ್ಟಿಯನ್ನೂ ಒಪ್ಪಿಸಬೇಕಾಗುತ್ತದೆ.

ಈ ಅಧಿಕಾರ ಆ ಇಲಾಖೆಯ ಹಣಕ್ಕಷ್ಟೇ ಸೀಮಿತ. ಸೋಷಿಯಲ್ ಸೆಕ್ಯುರಿಟಿ, ಅಂದರೆ ಅಮೆರಿಕ ಸರ್ಕಾರದ ಸಾಮಾಜಿಕ ಭದ್ರತಾ ಯೋಜನೆಯ ಹಣವಿದ್ದರೆ ಅದಕ್ಕೆ ಬೇರೆಯೇ ನೇಮಕ ಬೇಕು. ತಮಗೆ ಫಿಡ್ಯೂಷಿಯರಿ ಬೇಡವೆನಿಸಿದರೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮ್ಮ ಅಣ್ಣನಿಗಿದೆ. ದಯವಿಟ್ಟು ಇದನ್ನು ಅವರಿಗೆ ನೀವೇ ತಿಳಿಸಿರಿ.