30 ಪೌಂಡಿನ ಸಂಬಳ, 30,000 ಪೌಂಡಿನ ವರದಕ್ಷಿಣೆ

ಪ್ರಿಯ ಓದುಗರೇ,

ನಮಸ್ಕಾರ. ಮಗಳಿಗೆ ಬಿ.ಎ.ಯಲ್ಲಿ ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿ ಪಠ್ಯ ಅಂತ ನೀವೂ ಜೊತೆಗೆ ಕೂತು ಓದಿದ್ದೀರಿ. ಓದಿ ಮುಗಿಸಿದ ಮೇಲೆ ಸಿಟ್ಟು ಬಂತು ಎಂದು ಬರೆದಿದ್ದೀರಿ. ಕಟ್ಟಿಕೊಂಡ ಹೆಂಡತಿಯನ್ನು ಮೇಲಿನ ಮಹಡಿಯಲ್ಲಿ ಕೂಡಿಹಾಕಿ, ಸುಳ್ಳು ಹೇಳಿ ಕಥಾನಾಯಕಿ ಜೇನ್‌ಳನ್ನು ಮದುವೆಯಾಗಲು ಹೊರಟವನು ರೋಚೆಸ್ಟರ್. ಕೊನೆಗೆ ಜೇನ್ ಅವನ ಹತ್ತಿರವೇ ವಾಪಸ್ ಹೋಗುತ್ತಾಳೆ. ಇದು ಹೆಣ್ಣಿನ ಪರವಾದ ಕಾದಂಬರಿ ಹೇಗಾಯಿತು? ಎಲ್ಲೋ ಇದ್ದ ಚಿಕ್ಕಪ್ಪನ ಆಸ್ತಿ ಬಂದು ಕಷ್ಟವೆಲ್ಲ ಕಳೆಯುವುದು ತೀರಾ ಸಲೀಸಲ್ವಾ? ಆ ಹೆಂಡತಿ ಬರ್ತಾಳ ಗೋಳನ್ನು ಕೇಳುವವರು ಯಾರು? ಮೂರೂ ಕೇಳಬೇಕಾದ ಪ್ರಶ್ನೆಗಳೇ.

ನಾನು ಆಸ್ತಿಯಿಂದ ಶುರು ಮಾಡುತ್ತೇನೆ. ಈ ಕಾದಂಬರಿಯಲ್ಲಿ ಮದುವೆಯ ಮಾತು ಬಂದಲ್ಲೆಲ್ಲ ದುಡ್ಡಿನ ಲೆಕ್ಕವೂ ಬರುತ್ತದೆ. ಷಾರ್ಲೆಟ್ ಬ್ರಾಂಟೆ ಮೊತ್ತವನ್ನೂ ಬಿಡದೆ ಬರೆಯುತ್ತಾಳೆ. ಲೋವುಡ್ ಶಾಲೆಯಲ್ಲಿ ಟೀಚರ್ ಆಗಿದ್ದಾಗ ಜೇನ್‌ಳ ಸಂಬಳ ವರ್ಷಕ್ಕೆ 15 ಪೌಂಡ್. ರೋಚೆಸ್ಟರ್‌ನ ಥಾರ್ನ್‌ಫೀಲ್ಡ್ ಬಂಗಲೆಗೆ ಗವರ್ನೆಸ್ ಆಗಿ ಬಂದಾಗ 30 ಪೌಂಡ್. ಗವರ್ನೆಸ್ ಎಂದರೆ ಶ್ರೀಮಂತರ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಹೆಣ್ಣು. ಓದಿದವಳು, ಆದ್ದರಿಂದ ಆಳುಗಳ ಜೊತೆ ಸೇರುವಂತಿಲ್ಲ. ಸಂಬಳಕ್ಕಿರುವವಳು, ಆದ್ದರಿಂದ ಯಜಮಾನರ ಸಾಲಿನಲ್ಲಿ ಕೂರುವಂತಿಲ್ಲ. ಬಂಗಲೆಗೆ ಅತಿಥಿಗಳಾಗಿ ಬಂದ ದೊಡ್ಡ ಮನೆತನದ ಬ್ಲಾಂಚ್ ಇಂಗ್ರಾಮ್ ಮತ್ತು ಅವಳ ತಾಯಿ ಗವರ್ನೆಸ್‌ಗಳನ್ನು ಹೀಯಾಳಿಸುವಾಗ ಜೇನ್ ಅದೇ ಕೋಣೆಯಲ್ಲಿ, ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ ಕೂತಿರುತ್ತಾಳೆ. ಬ್ರಾಂಟೆಗೆ ಇದು ಕೇಳಿ ತಿಳಿದ ಸಂಗತಿಯಲ್ಲ. ಅವಳೂ 1839ರಲ್ಲಿ ಮತ್ತು 1841ರಲ್ಲಿ ಎರಡು ಮನೆಗಳಲ್ಲಿ ಗವರ್ನೆಸ್ ಆಗಿ ದುಡಿದವಳು.

ಈಗ 24ನೇ ಅಧ್ಯಾಯಕ್ಕೆ ಬನ್ನಿ. ದಯವಿಟ್ಟು ಇದನ್ನು ಮಗಳ ಜೊತೆ ಇನ್ನೊಮ್ಮೆ ಓದಿ. ಮದುವೆ ಗೊತ್ತಾಗಿದೆ. ರೋಚೆಸ್ಟರ್ ಜೇನ್‌ಳನ್ನು ರೇಷ್ಮೆ ಅಂಗಡಿಗೆ ಕರೆದುಕೊಂಡು ಹೋಗಿ ಆರು ಉಡುಪು ಆರಿಸು ಎನ್ನುತ್ತಾನೆ. ಅವಳು ಬೇಡಿಕೊಂಡು ಅದನ್ನು ಎರಡಕ್ಕೆ ಇಳಿಸುತ್ತಾಳೆ. ಅವನು ಕೊಡಿಸುತ್ತ ಹೋದಷ್ಟೂ ಅವಳಿಗೆ ಅವಮಾನ, ಸಂಕಟ. ಮದುವೆಯಾದ ಮೇಲೂ ಪಾಠ ಹೇಳುತ್ತೇನೆ, ಅದೇ 30 ಪೌಂಡಿನಲ್ಲಿ ನನ್ನ ಬಟ್ಟೆ ನಾನೇ ಕೊಳ್ಳುತ್ತೇನೆ ಎಂದು ಅವನಿಗೆ ಹೇಳಿಬಿಡುತ್ತಾಳೆ. ಆಗಲೇ ಅವಳಿಗೆ ಮದೀರಾ ದ್ವೀಪದಲ್ಲಿರುವ ಚಿಕ್ಕಪ್ಪನ ನೆನಪಾಗುವುದು. ನನ್ನದು ಅಂತ ಒಂದಿಷ್ಟು ದುಡ್ಡಿದ್ದರೆ ಈ ಹಂಗು ಇರುತ್ತಿರಲಿಲ್ಲ ಎಂದುಕೊಂಡು, ತನ್ನ ಮದುವೆಯ ಸುದ್ದಿ ತಿಳಿಸಿ ಅವನಿಗೆ ಕಾಗದ ಬರೆಯುತ್ತಾಳೆ.

ಆ ಕಾಗದ ಮುಂದೆ ಏನು ಮಾಡಿತು ನೋಡಿ. ಅದು ಮದೀರಾ ತಲುಪಿದಾಗ ಬರ್ತಾಳ ಸೋದರ ರಿಚರ್ಡ್ ಮೇಸನ್ ಚಿಕ್ಕಪ್ಪನ ಜೊತೆಯಲ್ಲೇ ಇದ್ದ. ರೋಚೆಸ್ಟರ್‌ನ ಹೆಸರು ಕೇಳಿದ್ದೇ ಅವನು ಗುಟ್ಟನ್ನೆಲ್ಲ ಬಿಚ್ಚಿಟ್ಟ. ಚರ್ಚಿನಲ್ಲಿ ಮದುವೆ ನಿಂತದ್ದು ಹಾಗೆ. ಜೇನ್ ಗಂಡನಾಗುವವನ ದುಡ್ಡಿನ ಹಂಗು ಬೇಡ ಎಂದು ಬರೆದ ಕಾಗದವೇ ಅವಳನ್ನು ಸುಳ್ಳು ಮದುವೆಯಿಂದ ಉಳಿಸಿತು. ಆಸ್ತಿ ಬಂದದ್ದೂ ಅದೇ ಚಿಕ್ಕಪ್ಪನಿಂದ. ಅದಕ್ಕೇ ಅದನ್ನು ಸುಮ್ನೆ ಬಂದ ಅದೃಷ್ಟ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಆ ಅದೃಷ್ಟಕ್ಕೆ ಬೇಕಾದ ಹಸಿವನ್ನು ಲೇಖಕಿ ಮೊದಲೇ ತೋರಿಸಿದ್ದಾಳೆ.

ನಡುವಿನ ದಿನಗಳನ್ನು ಮರೆಯಬೇಡಿ. ಫ್ರಾನ್ಸಿಗೆ ಹೋಗಿ ಒಟ್ಟಿಗೆ ಇರೋಣ ಎಂದು ರೋಚೆಸ್ಟರ್ ಅಂಗಲಾಚುತ್ತಾನೆ. ಜೇನ್ ಅವನು ಕೊಟ್ಟ ಮುತ್ತಿನ ಸರ ಅಲ್ಲೇ ಬಿಟ್ಟು, ಕೈಯಲ್ಲಿದ್ದ 20 ಶಿಲಿಂಗ್ ಕೋಚ್ ಗಾಡಿಗೆ ಕೊಟ್ಟು ಹೊರಟುಹೋಗುತ್ತಾಳೆ. ಹಂದಿಗೆ ಸುರಿಯಲಿದ್ದ ಗಂಜಿಯನ್ನು ಬೇಡಿ ತಿನ್ನುತ್ತಾಳೆ. ಬಡತನದ ಬೆಲೆ ಏನೆಂದು ಅಷ್ಟು ತಿಳಿದವಳು ಮುಂದೆ 20,000 ಪೌಂಡ್ ಕೈಗೆ ಬಂದಾಗ ಅದನ್ನು ನಾಲ್ಕು ಪಾಲು ಮಾಡಿ ಸೋದರತ್ತೆಯ ಮೂವರು ಮಕ್ಕಳಿಗೂ ಐದೈದು ಸಾವಿರ ಕೊಡುತ್ತಾಳೆ. ಆ ಮೂವರಲ್ಲಿ ಡಯಾನಾ, ಮೇರಿ ಇಬ್ಬರೂ ಗವರ್ನೆಸ್‌ಗಳು. ಅವರೂ ಆ ಚಾಕರಿಯಿಂದ ಬಿಡುಗಡೆಯಾದರು ಎಂಬುದು ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಖುಷಿ ಕೊಟ್ಟ ಸಂಗತಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಬರ್ತಾ ಬಂಗಲೆಗೆ ಬೆಂಕಿಯಿಟ್ಟು ತಾನೂ ಸತ್ತಿದ್ದಾಳೆ. ಹಿಂದಿರುಗಿ ಬಂದ ಜೇನ್ ಆ ಬೆಂಕಿಯಲ್ಲಿ ಕುರುಡನಾದ ರೋಚೆಸ್ಟರ್‌ಗೆ ಏನು ಹೇಳುತ್ತಾಳೆ? ನೀವು ನನ್ನನ್ನು ಇಲ್ಲಿ ಇರಗೊಡದಿದ್ದರೆ ನಿಮ್ಮ ಬಾಗಿಲ ಪಕ್ಕದಲ್ಲೇ ನನ್ನದೇ ಮನೆ ಕಟ್ಟಿಕೊಳ್ಳುತ್ತೇನೆ ಎನ್ನುತ್ತಾಳೆ. ಮೊದಲು ಆರು ರೇಷ್ಮೆ ಉಡುಪಿಗೆ ಕುಗ್ಗಿಹೋಗಿದ್ದ ಹುಡುಗಿ ಇವಳೇ. ಅಷ್ಟರೊಳಗೆ ಡಯಾನಾ, ಮೇರಿಯರ ಅಣ್ಣ ಸೇಂಟ್ ಜಾನ್‌ನನ್ನೂ ಬೇಡವೆಂದಿದ್ದಾಳೆ. ಪಾದ್ರಿಯಾಗಿ ಇಂಡಿಯಾಕ್ಕೆ ಹೊರಟ ಅವನಿಗೆ ಬೇಕಾಗಿದ್ದದ್ದು ಪ್ರೀತಿಯ ಹೆಂಡತಿಯಲ್ಲ, ಕೆಲಸಕ್ಕೆ ಒದಗುವ ಹೆಂಡತಿ. ರೋಚೆಸ್ಟರ್ ಮಾಡಿದ್ದು ಸರಿ ಅಂತ ನಾನೂ ಹೇಳುವುದಿಲ್ಲ. ಆದರೆ ಬೇರೆ ದಾರಿಯಿಲ್ಲದೆ ಅವಳು ಅವನ ಹತ್ತಿರ ಹೋದಳು ಎನ್ನುವಂತಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು ಹೇಳಲೇಬೇಕು. ಈ ಪುಸ್ತಕ ಬಂದದ್ದು 1847ರಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಹಣ ಗಂಡನ ಕೈ ಸೇರುತ್ತಿತ್ತು. ಮೊದಲೇ ಕರಾರು ಮಾಡಿಸಿದ್ದರೆ ಮಾತ್ರ ಉಳಿಯುತ್ತಿತ್ತು. ಹೆಂಡತಿ ದುಡಿದದ್ದು ಅವಳದೇ ಎಂಬ ಕಾಯ್ದೆ ಬಂದದ್ದು 1870ರಲ್ಲಿ, ಉಳಿದ ಆಸ್ತಿಗೂ ಹಕ್ಕು ಸಿಕ್ಕಿದ್ದು 1882ರಲ್ಲಿ. ಬ್ರಾಂಟೆ 1854ರಲ್ಲಿ ಮದುವೆಯಾಗುವ ಮುಂಚೆ ತನ್ನ ಹಣ ತನಗೇ ಉಳಿಯುವಂತೆ ಕರಾರು ಬರೆಸಿದಳು. ಜೇನ್‌ಳ 5,000 ಪೌಂಡ್ ಮದುವೆಯ ನಂತರ ಏನಾಯಿತು ಎಂಬುದನ್ನು ಮಾತ್ರ ಕಾದಂಬರಿ ಹೇಳುವುದಿಲ್ಲ.

ಬರ್ತಾಳಿಗೆ ಏನಾಯಿತು ಎಂಬುದು ಗೊತ್ತಿದೆ. ರೋಚೆಸ್ಟರ್ ಕಿರಿಯ ಮಗ. ಎಸ್ಟೇಟ್ ಒಡೆಯಬಾರದೆಂದು ಅಪ್ಪ ಎಲ್ಲವನ್ನೂ ಹಿರಿಯವನಿಗೆ ಇಟ್ಟ. ಕಿರಿಯವನು ಬಡವನಾಗಬಾರದೆಂದು ಜಮೈಕಾದ ತೋಟಗಾರ, ವ್ಯಾಪಾರಿಯೊಬ್ಬನ ಮಗಳನ್ನು ಹುಡುಕಿದ. ಅವಳು ತಂದದ್ದು 30,000 ಪೌಂಡ್. ಜೇನ್ ಆ ಸಂಬಳದಲ್ಲಿ ಸಾವಿರ ವರ್ಷ ದುಡಿದರೆ ಸಿಗುವ ಹಣ! ಅಷ್ಟು ತಂದವಳಿಗೆ ಉಳಿದದ್ದು ಕಿಟಕಿಯಿಲ್ಲದ ಒಂದು ಕೋಣೆ. ವಿಚ್ಛೇದನ ಪಡೆದು ಮತ್ತೆ ಮದುವೆಯಾಗಬೇಕಾದರೆ ಆಗ ಪಾರ್ಲಿಮೆಂಟಿನಲ್ಲೇ ಮಸೂದೆ ಪಾಸಾಗಬೇಕಿತ್ತು. ಬರ್ತಾಳಿಗೆ ಹಿಡಿದಿದ್ದ ಹುಚ್ಚು ಅದಕ್ಕೆ ಕಾರಣವೂ ಆಗುತ್ತಿರಲಿಲ್ಲ.

ನಿಮ್ಮ ಸಿಟ್ಟು ಇಲ್ಲಿ ಪೂರ್ತಿ ನ್ಯಾಯ. ಬರ್ತಾ ನಗುತ್ತಾಳೆ, ಕಿರುಚುತ್ತಾಳೆ. ಅವಳ ಪರವಾಗಿ ಒಂದು ಮಾತನ್ನೂ ಅವಳಿಂದ ಆಡಿಸುವುದಿಲ್ಲ ಬ್ರಾಂಟೆ. ಆ ಕಾಲದ ಜಮೈಕಾದ ತೋಟಗಾರರ ಸಿರಿತನ ಗುಲಾಮರ ಬೆವರಿನದು, ಅದರ ಸುದ್ದಿಯೂ ಇಲ್ಲ. ಜೇನ್‌ಳಿಗೂ ತನ್ನದೇ ವರ್ಗದ ಗೆರೆ ದಾಟುವುದು ಕಷ್ಟವಾಗಿತ್ತು. ಬಡ ನೆಂಟರಿದ್ದರೆ ಅವರ ಮನೆಗೆ ಹೋಗುತ್ತೀಯಾ ಎಂದು ಕೇಳಿದಾಗ ಪುಟ್ಟ ಜೇನ್ ಒಲ್ಲೆ ಎನ್ನುತ್ತಾಳೆ. ದೊಡ್ಡವಳಾಗಿ ಹಳ್ಳಿಯ ಬಡ ಹುಡುಗಿಯರಿಗೆ ಪಾಠ ಹೇಳುವಾಗಲೂ ಮೊದಲ ದಿನ ತಾನು ಕೆಳಗಿಳಿದೆ ಎಂದು ಅವಳಿಗೆ ಅನಿಸುತ್ತದೆ. ಆ ಭಾವನೆ ತಪ್ಪೆಂದು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಾಳೆ, ನಿಜ. ಬರ್ತಾಳ ವಿಷಯದಲ್ಲಿ ಅಷ್ಟೂ ಆಗಲಿಲ್ಲ. ಆ ಬಾಕಿಯನ್ನು ತೀರಿಸಲು ಹೊರಟವಳು ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್. 1966ರಲ್ಲಿ ಬಂದ ಅವಳ ‘ವೈಡ್ ಸರ್ಗಾಸೊ ಸೀ’ ಬರ್ತಾಳದೇ ಕಥೆ. ಚಿಕ್ಕ ಪುಸ್ತಕ. ಮಗಳಿಗೆ ಪಠ್ಯದಲ್ಲಿ ಇಲ್ಲದಿದ್ದರೂ ಇಬ್ಬರೂ ಓದಿ.

ಪರೀಕ್ಷೆಯಲ್ಲಿ ‘ಜೇನ್ ಐರ್ ಸ್ತ್ರೀವಾದಿ ಕಾದಂಬರಿಯೇ’ ಎಂದು ಕೇಳಿದರೆ ಏನು ಬರೆಯಲಿ ಎಂದು ಮಗಳು ಕೇಳುತ್ತಿದ್ದಾಳಂತೆ. ಹೌದು, ಅಲ್ಲ ಎಂದು ಒಂದು ಕಡೆ ವಾಲುವುದು ಬೇಡ. ರೇಷ್ಮೆ ಅಂಗಡಿ, ಮದೀರಾಕ್ಕೆ ಹೋದ ಕಾಗದ, ನಾಲ್ಕು ಪಾಲು, ಬರ್ತಾಳ 30,000 ಪೌಂಡ್ – ಈ ನಾಲ್ಕನ್ನು ಇಟ್ಟುಕೊಂಡು ತನಗೆ ಅನಿಸಿದ್ದನ್ನು ಬರೆಯಲಿ. ಬರೆದದ್ದನ್ನು ನಮಗೂ ಕಳಿಸಲಿ. ಅವಳು ನನ್ನ ಮಾತನ್ನು ಒಪ್ಪದಿದ್ದರೂ ಪ್ರಕಟಿಸುತ್ತೇವೆ.

– ಸಂಪಾದಕ