‘ಅಣ್ಣಾ, ಆವತ್ತು ಕೈ ತೊಳೆದಿದ್ದು ಎಲ್ಲಿ?’

(ಶಿವಣ್ಣನವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ.)

ಶಿವಣ್ಣನಿಗೆ 41 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದಾಗ ಕುಡಿತ ಬಿಟ್ಟು ಎಪ್ಪತ್ತು ದಿನವಾಗಿತ್ತು. ಹಿಂದೆಯೂ ನಾಲ್ಕು ಸಲ ಬಿಟ್ಟಿದ್ದರು, ಪ್ರತಿ ಸಲವೂ ಸಂಬಳದ ದಿನವೇ ಮುರಿದಿತ್ತು. “ಸಂಬಳ ಆಗುತ್ತೆ ಮೇಡಂ, ಕುಡೀತೀನಿ. ಮಧ್ಯೆ ಏನಾಗುತ್ತೋ ಗೊತ್ತಿಲ್ಲ” ಎನ್ನುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ, “ನೆನಪಿಲ್ಲ ಅಂದ್ಬಿಟ್ರೆ ಮುಗೀತಲ್ಲ ಇವರಿಗೆ” ಎಂದು ಮುಖ ತಿರುಗಿಸಿದರು.

ಆಕೆಯ ಸಿಟ್ಟು ನ್ಯಾಯವಾದದ್ದೇ. ಆದರೆ ಶಿವಣ್ಣ ಸುಳ್ಳು ಹೇಳುತ್ತಿರಲಿಲ್ಲ. ವಿಪರೀತ ಕುಡಿದಾಗ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಘಟನೆಗಳನ್ನು ದಾಖಲಿಸುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ಓಡಾಡುತ್ತಾನೆ, ಜಗಳ ತೆಗೆಯುತ್ತಾನೆ. ನೆನಪು ಮಾತ್ರ ಹುಟ್ಟಿರುವುದೇ ಇಲ್ಲ. ಅದನ್ನು ಯಾವ ತಂತ್ರದಿಂದಲೂ ಹೊರತೆಗೆಯಲಾಗದು. ಮೊದಲ ಗುಟುಕಿಗಿಂತ ಮುಂಚಿನ ಹೊತ್ತು ಹಾಗಲ್ಲ. ಅದು ಉಳಿದಿರುತ್ತದೆ, ಆದರೆ ಹತ್ತಾರು ಸಂಜೆಗಳು ಕಲಸಿಹೋಗಿ “ಯಾವಾಗಲೂ ಹಾಗೇ” ಎಂಬ ಒಂದು ಮುದ್ದೆಯಾಗಿರುತ್ತದೆ. ಅದರಿಂದ ಒಂದೇ ಒಂದು ಸಂಜೆಯನ್ನು ಬಿಡಿಸಿ ತೆಗೆಯುವುದು ನಮ್ಮ ಕೆಲಸವಾಗಿತ್ತು. ಅದಕ್ಕೂ ಮೊದಲು ವೈದ್ಯರಿಂದ ನೆನಪಿನ ಪರೀಕ್ಷೆ ಮಾಡಿಸಿದೆ. ದೀರ್ಘ ಕಾಲದ ಕುಡಿತದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ ಕೊರತೆಯಾಗಿ ಮೆದುಳಿಗೇ ಹಾನಿಯಾದವರು ಗೊತ್ತಿಲ್ಲದೆಯೇ ಇಲ್ಲದ ಕಥೆ ಕಟ್ಟುತ್ತಾರೆ. ಅವರಿಗೆ ಆಪ್ತಸಲಹೆಗಿಂತ ಮೊದಲು ಔಷಧಿ ಬೇಕು. ಶಿವಣ್ಣನಿಗೆ ಆ ತೊಂದರೆ ಇರಲಿಲ್ಲ.

2008ರಲ್ಲಿ ಲಂಡನ್ನಿನ ಮನೋವೈದ್ಯ ಜೂಲಿಯನ್ ಲೆಫ್, ಕಿವಿಯಲ್ಲಿ ದನಿ ಕೇಳಿಸುವ ರೋಗಿಗಳಿಗಾಗಿ ಅವತಾರ್ ಚಿಕಿತ್ಸೆ ಆರಂಭಿಸಿದರು. ಪರದೆಯ ಮೇಲೊಂದು ಮುಖ; ಪಕ್ಕದ ಕೋಣೆಯಲ್ಲಿ ಕೂತ ಚಿಕಿತ್ಸಕರು ಆಡುವ ಮಾತು ಆ ಮುಖದ ದನಿಯಾಗಿ ಬರುತ್ತದೆ. ಶಿವಣ್ಣನ ಆ ಒಂದು ಸಂಜೆಯನ್ನು ಬಿಡಿಸಲು ನಾನು ಎರವಲು ಪಡೆದದ್ದು ಆ ಏರ್ಪಾಡನ್ನು ಮಾತ್ರ. ವ್ಯಸನಕ್ಕೆ ಇದೊಂದು ಊರುಗೋಲು ಅಷ್ಟೇ. ಔಷಧಿ, ಗುಂಪು ಸಭೆ ಯಾವುದನ್ನೂ ನಿಲ್ಲಿಸಲಿಲ್ಲ.

ಶಿವಣ್ಣ ಮೊದಲು ಕೇಳಿದ್ದು ತೀರಿಕೊಂಡ ಅಪ್ಪನ ಮುಖ. ನಾನು ಒಪ್ಪಲಿಲ್ಲ. ಅಪ್ಪ ಆಡದ ಮಾತನ್ನು ಅಪ್ಪನ ಬಾಯಲ್ಲಿ ಹೇಳಿಸುವ ಹಕ್ಕು ನನಗಿಲ್ಲ. ಬದಲಿಗೆ ಐಟಿಐ ಓದುತ್ತಿದ್ದ ಕಾಲದ ಅವರದೇ ಫೋಟೊದಿಂದ, ಕುಡಿತ ಗೊತ್ತಿಲ್ಲದ ಹತ್ತೊಂಬತ್ತರ ಹುಡುಗನ ಮುಖ ಮಾಡಿದೆವು. ಆ ಹುಡುಗ ನಿಮ್ಮನ್ನು ಏನೆಂದು ಕರೆಯಲಿ ಎಂದಾಗ ಬಹಳ ಹೊತ್ತು ಸುಮ್ಮನಿದ್ದು, “ಅಣ್ಣ ಅನ್ನಲಿ” ಎಂದರು.

ಮೊದಲ ದಿನ ನಾನೇ ತಪ್ಪು ಮಾಡಿದೆ. ಹುಡುಗನ ದನಿಯಲ್ಲಿ “ಅಣ್ಣಾ, ಆವತ್ತು ಮಗಳು ಅಳ್ತಾ ಇದ್ಲಾ?” ಎಂದು ಕೇಳಿಬಿಟ್ಟೆ. ಶಿವಣ್ಣನ ಕಣ್ಣು ತುಂಬಿತು. ಬಾಗಿಲ ಹಿಂದೆ ನಿಂತು ಅಳುತ್ತಿದ್ದ ಮಗಳನ್ನು ವಿವರವಾಗಿ ವರ್ಣಿಸಿದರು. ಮರುವಾರ ಹೆಂಡತಿ ಹೇಳಿದರು: ಆವತ್ತು ಮಗಳು ಊರಲ್ಲಿ, ಅಜ್ಜಿ ಮನೆಯಲ್ಲಿದ್ದಳು. ಆ ನೆನಪನ್ನು ನೆಟ್ಟವಳು ನಾನು. ತಪ್ಪು ನನ್ನದೆಂದು ಅವರಿಬ್ಬರ ಎದುರೇ ಒಪ್ಪಿಕೊಂಡೆ. ಅಲ್ಲಿಂದ ಮುಂದೆ ಹುಡುಗ ಏನನ್ನೂ ಸೂಚಿಸಲಿಲ್ಲ. ಎಲ್ಲಿ, ಕೈಯಲ್ಲೇನಿತ್ತು, ಆಮೇಲೆ ಎಂದಷ್ಟೇ ಕೇಳಿದ.

ನಾಲ್ಕನೇ ಸಲ “ಅಣ್ಣಾ, ಆವತ್ತು ಕೈ ತೊಳೆದಿದ್ದು ಎಲ್ಲಿ?” ಎಂಬ ಪ್ರಶ್ನೆಗೆ ಶಿವಣ್ಣ ತಮ್ಮ ಅಂಗೈಯನ್ನೇ ನೋಡಿಕೊಂಡರು. ಶೆಡ್ಡಿನ ಹಿಂದಿನ ನಲ್ಲಿ. ಎಣ್ಣೆ ಜಿಡ್ಡು ಹೋಗಲೆಂದು ಸೋಪಿನ ಪುಡಿ, ಮರದ ಹೊಟ್ಟು. ಕಂಕುಳಲ್ಲಿ ಮಗಳಿಗೆ ಮಧ್ಯಾಹ್ನವೇ ತಂದಿಟ್ಟಿದ್ದ ಜಾಮಿಟ್ರಿ ಬಾಕ್ಸು. ಪಕ್ಕದ ನಲ್ಲಿಯಲ್ಲಿದ್ದವನು ತಿರುಗಿಯೂ ನೋಡದೆ, “ಒಂದು ನೈಂಟಿ ಹಾಕ್ಕೊಂಡು ಹೋಗೋಣ” ಅಂದ. “ಅಲ್ಲೇ ಹೂಂ ಅಂದೆ ಮೇಡಂ. ಅಂಗಡಿ ಹತ್ರ ಅಲ್ಲ, ನಲ್ಲಿ ಹತ್ರ.” ಇಷ್ಟು ದಿನ ಅವರು ವೈನ್ ಶಾಪಿನ ಎದುರು ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೆಣಗುತ್ತಿದ್ದರು. ತೀರ್ಮಾನ ಅದಕ್ಕೂ ಅರ್ಧ ಗಂಟೆ ಮೊದಲೇ ಆಗಿಹೋಗಿರುತ್ತಿತ್ತು.

ಸಲಹೆಯೂ ಅಲ್ಲಿಂದಲೇ ಹುಟ್ಟಿತು. ಸಂಬಳದ ದಿನ ಆ ನಲ್ಲಿಗೆ ಹೋಗಬೇಡಿ, ಮನೆಗೆ ಬಂದು ಕೈ ತೊಳೆಯಿರಿ. ಶಿಫ್ಟ್ ಮುಗಿಯುವ ಹೊತ್ತಿಗೆ ಭಾವಮೈದುನ ಗೇಟಿನ ಬಳಿ ಬೈಕ್ ತಂದಿರಲಿ. ಎಟಿಎಂ ಕಾರ್ಡು ಆರು ತಿಂಗಳು ಹೆಂಡತಿಯ ಕೈಯಲ್ಲಿರಲಿ. ಇದನ್ನು ಶಿವಣ್ಣನೇ ಹೇಳಿದ್ದು, ನಾನಲ್ಲ. ಜಾಮಿಟ್ರಿ ಬಾಕ್ಸಿನ ಸಂಜೆಯನ್ನು ಅವರದೇ ಮಾತಿನಲ್ಲಿ ಫೋನಿಗೆ ರೆಕಾರ್ಡ್ ಮಾಡಿಕೊಂಡು, ಆಸೆ ಕೆರಳಿದಾಗ ಕೇಳಲು ಹೇಳಿದೆ. ಕೇಳಿ ಆಸೆ ಹೆಚ್ಚಿದರೆ ತಕ್ಷಣ ನಿಲ್ಲಿಸಿ ನನಗೆ ಫೋನ್ ಮಾಡಬೇಕು. ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಹೆಂಡತಿಗೆ ಹೇಳಿದ್ದು ಬೇರೆ. ಅವರು ನೆನಪಿಸಿಕೊಳ್ಳಲಾಗದ ರಾತ್ರಿಗಳ ಬಗ್ಗೆ ವಿಚಾರಣೆ ಬೇಡ. ನೀವು ಕಂಡದ್ದನ್ನು ನೀವು ಕಂಡಂತೆ ಹೇಳಿ. ಕ್ಷಮೆ ಕೇಳಲು ಶಿವಣ್ಣನಿಗೆ ಆ ನೆನಪು ಬೇಕಿಲ್ಲ. “ನಂಗೆ ಗೊತ್ತಿಲ್ಲ, ಆದ್ರೆ ನೀನು ಹೇಳೋದನ್ನ ನಂಬ್ತೀನಿ” ಎಂದರೆ ಸಾಕು. ಈ ಮಾತನ್ನು ಅವರು ಹೆಂಡತಿಗೆ ನನ್ನ ಕೋಣೆಯಲ್ಲೇ ಹೇಳಿದರು. ಆಕೆ ಉತ್ತರಿಸಲಿಲ್ಲ, ಎದ್ದೂ ಹೋಗಲಿಲ್ಲ.

ಆರು ಭೇಟಿಗೆ ಅವತಾರ್ ನಿಲ್ಲಿಸಿದ್ದೇನೆ. ಅಷ್ಟರಲ್ಲಿ ಎರಡು ಸಂಬಳ ಕಳೆದಿವೆ, ಕುಡಿದಿಲ್ಲ. ಮುಂದಿನ ಭೇಟಿಯನ್ನು ಮೂರನೆಯ ಸಂಬಳದ ಮರುದಿನ ಬೆಳಗ್ಗೆಗೇ ಇಟ್ಟುಕೊಂಡಿದ್ದೇವೆ.