ಬಾಗಿಲ ಹತ್ತಿರ ಕಾಲು ಏಳುವುದಿಲ್ಲ, ವಾಕಿಂಗ್ ಬಿಡಿಸಬೇಕೇ?

ಪ್ರಶ್ನೆ: ನಮ್ಮ ಯಜಮಾನರಿಗೆ 68 ವರ್ಷ. ಪಾರ್ಕಿನ್ಸನ್ ಕಾಯಿಲೆ ಇದೆ. ದಿನಾ ವಾಕಿಂಗ್ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ರಸ್ತೆಯಲ್ಲಿ ಪರವಾಗಿಲ್ಲ, ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಕೈಹಿಡಿದು ಎಳೆದರೆ ಮುಗ್ಗರಿಸುತ್ತಾರೆ. ವಾಕಿಂಗೇ ಬೇಡ ಅನ್ನುತ್ತಾನೆ ಮಗ. ಏನು ಮಾಡಲಿ?
– ಒಬ್ಬ ಓದುಗರು, ಸಾಗರ

ಉತ್ತರ: ವಾಕಿಂಗ್ ಬಿಡಿಸಬೇಡಿ ಅಮ್ಮಾ. ಮಗನ ಭಯ ಸಹಜವೇ. ಆದರೆ ಕೂತಲ್ಲೇ ಕೂತರೆ ಕಾಲಿನ ಬಲ ಇಳಿದು, ಬೀಳುವ ಅಪಾಯ ಇನ್ನೂ ಜಾಸ್ತಿಯಾಗುತ್ತದೆ. ಕೈಹಿಡಿದು ಎಳೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಎಳೆದಾಗ ಮೈ ಮುಂದೆ ಬರುತ್ತದೆ, ಪಾದ ಅಲ್ಲೇ ಉಳಿಯುತ್ತದೆ.

ನಡೆಯುವಾಗ ನಾವ್ಯಾರೂ ಹೆಜ್ಜೆ ಬಗ್ಗೆ ಯೋಚಿಸುವುದಿಲ್ಲ, ಅಲ್ವಾ? ಅದು ಹಾಗೆ ತಾನಾಗೇ ನಡೆಯಲು ಮಿದುಳಿಗೆ ಡೋಪಮಿನ್ ಎಂಬ ರಾಸಾಯನಿಕ ಬೇಕು. ಈ ಕಾಯಿಲೆಯಲ್ಲಿ ಅದೇ ಕಡಿಮೆ. ಬಾಗಿಲು, ತಿರುವು, ಇಕ್ಕಟ್ಟಿನ ಜಾಗದಲ್ಲಿ ಹೆಜ್ಜೆ ಕಟ್ಟಿಹೋಗುತ್ತದೆ. ಕಣ್ಣಿಗೋ ಕಿವಿಗೋ ಒಂದು ಗುರುತು ಸಿಕ್ಕರೆ ಎಷ್ಟೋ ಜನಕ್ಕೆ ಕಾಲು ಮತ್ತೆ ಏಳುತ್ತದೆ.

ನಿಮ್ಮ ಮನೆಯಲ್ಲಿ ಕೆಂಪು ಗಾರೆ ನೆಲವಿದ್ದರೆ ಬಿಳಿ ಟೇಪು ತನ್ನಿ. ಹೊಸ್ತಿಲಿನ ಈಚೆಗೂ ಆಚೆಗೂ ಅಡ್ಡಡ್ಡ ಪಟ್ಟಿ ಅಂಟಿಸಿ. ಅವರು ಚೆನ್ನಾಗಿ ನಡೆಯುವಾಗ ಹೆಜ್ಜೆ ಎಷ್ಟು ದೂರ ಬೀಳುತ್ತದೋ ಅಷ್ಟೇ ಅಂತರವಿರಲಿ. ಅಂಚು ಎದ್ದಿರಬಾರದು. ನಾನು ಫಿಸಿಯೋಥೆರಪಿ ಕೊಡಲು ಹೋಗುವ ಮನೆಯೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ದೇವರ ಮನೆ ಬಾಗಿಲಲ್ಲಿ ಹೀಗೇ ನಿಲ್ಲುತ್ತಿದ್ದರು. ಟೇಪು ಅಂಟಿಸಿದ ದಿನ ಮೊದಲ ಪಟ್ಟಿಯನ್ನೇ ನೋಡಿದರು. ಮೊಣಕಾಲು ಎತ್ತಿದರು, ಹಿಮ್ಮಡಿಯನ್ನು ಪಟ್ಟಿಯ ಆಚೆ ಊರಿದರು. ಮುಂದಿನ ಹೆಜ್ಜೆಗೆ ಹೊಸ್ತಿಲು ದಾಟಿದರು. ನನಗೆ ಆದ ಸಂತೋಷ ಹೇಳತೀರದು. ಎಲ್ಲರಿಗೂ ಪಟ್ಟಿ ಒಗ್ಗುವುದಿಲ್ಲ. ಕೆಲವರಿಗೆ ‘ಒಂದು, ಎರಡು’ ಎಂದು ಜೋರಾಗಿ ಎಣಿಸುವುದು, ಚಪ್ಪಾಳೆಯ ತಾಳ ಹೆಚ್ಚು ಅನುಕೂಲ.

ಕಾಲು ನಿಂತಾಗ ‘ಬೇಗ ಬನ್ನಿ’ ಅನ್ನಬೇಡಿ. ಅವಸರಪಡಿಸಿದಷ್ಟೂ ಅಂಟಿಕೊಳ್ಳುತ್ತದೆ. ಸುಮ್ನೆ ಪಕ್ಕದಲ್ಲಿ ನಿಲ್ಲಿ. ಅವರು ನೆಟ್ಟಗೆ ನಿಂತು ಉಸಿರು ತೆಗೆದುಕೊಳ್ಳಲಿ. ಭಾರವನ್ನು ಎಡಕ್ಕೆ, ಬಲಕ್ಕೆ ಹಾಕಿ, ಆಮೇಲೆ ಒಂದು ದೊಡ್ಡ ಹೆಜ್ಜೆ ಇಡಲಿ. ತಿರುಗುವಾಗ ನಿಂತಲ್ಲೇ ತಿರುಗುವುದು ಬೇಡ, ಅಗಲವಾಗಿ ಸುತ್ತು ಹಾಕಿ ಬರಲಿ.

ವಾಕಿಂಗಿಗೆ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತೇ ಸರಿ. ಲೆವೊಡೋಪಾ (ಮಿದುಳಿನಲ್ಲಿ ಡೋಪಮಿನ್ ಆಗುವ ಮಾತ್ರೆ) ತೆಗೆದುಕೊಳ್ಳುತ್ತಿದ್ದರೆ, ಎಷ್ಟು ಹೊತ್ತಿಗೆ ಮೈ ಹಗುರಾಗುತ್ತದೆ ಎಂದು ನೀವೇ ಗಮನಿಸಿ. ಒಂದೇ ಸಲ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಲಿ. ಹವಾಯಿ ಚಪ್ಪಲಿ ಬೇಡ, ಪಾದ ಹಿಡಿದುಕೊಳ್ಳುವ ಶೂ ಇರಲಿ. ಬರುವಾಗ ಹಾಲಿನ ಪ್ಯಾಕೆಟ್ ತರುವ ಕೆಲಸ ಮಗನಿಗೆ ಕೊಡಿ. ಇವರ ಕೈ ಖಾಲಿ ಇದ್ದು, ಬೀಸಿಕೊಂಡು ನಡೆಯಬೇಕು. ಎದ್ದ ಕೂಡಲೇ ಹೊರಡಿಸಬೇಡಿ. ಈ ಕಾಯಿಲೆಯಲ್ಲಿ ನಿಂತಾಗ ಬಿಪಿ ಇಳಿಯುವುದುಂಟು.

ಕಾಲು ಯಾವಾಗ ನಿಂತಿತು, ಮಾತ್ರೆ ಯಾವಾಗ ತೆಗೆದುಕೊಂಡಿದ್ದರು ಎಂದು ಒಂದು ವಾರ ಬರೆದಿಟ್ಟು ನರರೋಗ ವೈದ್ಯರಿಗೆ ತೋರಿಸಿ. ಮಾತ್ರೆಯ ಹೊತ್ತು, ಪ್ರಮಾಣವನ್ನು ನೀವಾಗಿ ಬದಲಾಯಿಸಬೇಡಿ. ವೈದ್ಯರು ನಿಮ್ಮ ಆ ಚೀಟಿ ನೋಡಿಯೇ ಹೊಂದಿಸಿಕೊಡಬಹುದು.